ಜಾರಿದ ತೋಳಿಗೆ ಎಣ್ಣೆ ಸಾಲದು

“ಹಕೀಂ ಸಾಹೇಬರೇ, ಹುಡುಗನ ತೋಳು ಮತ್ತೆ ಜಾರಿತು. ಮಾಲೀಸಿಗೆ ಒಳ್ಳೆಯ ಎಣ್ಣೆ ಇದ್ದರೆ ಕೊಡಿ.”

ಸೋಮವಾರ ಬೆಳಿಗ್ಗೆ ನನ್ನ ಚಿಕಿತ್ಸಾಲಯದಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಮನೆಮಾತಿನಲ್ಲಿ ಹೇಳುವುದಾದರೆ ‘ಕಂಧಾ ಉತರ್ ಗಯಾ’. ನಾನಿರುವುದು ಉಲ್ಲಾಳದಲ್ಲಿ. ಮಂಗಳೂರಿನ ದರ್ಗಾದ ಉಳ್ಳಾಲವಲ್ಲ, ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿ ಮತ್ತು ಜ್ಞಾನಭಾರತಿಯ ಪಕ್ಕದ ಉಲ್ಲಾಳ. ಇಲ್ಲಿ ಖಾಲಿ ಸೈಟುಗಳಿರುವಲ್ಲೆಲ್ಲ ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್, ರಾತ್ರಿ ದೀಪ ಹಾಕಿ ಕಬಡ್ಡಿ, ಸಂಜೆ ಜಿಮ್. ಹತ್ತಿರದಲ್ಲೇ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಅಲ್ಲಿ ತರಬೇತಿ ಪಡೆಯುವವರ ಭುಜಕ್ಕೆ ಪೆಟ್ಟಾದರೆ ನೋಡಲು ವೈದ್ಯರು, ಫಿಸಿಯೋಗಳು ಇದ್ದಾರೆ. ಖಾಲಿ ಸೈಟಿನಲ್ಲಿ ಆಡುವ ನಮ್ಮ ಹುಡುಗರಿಗೆ ಇರುವುದು ಜೊತೆಗಾರರು, ಒಂದು ಬಾಟಲಿ ಸ್ಪ್ರೇ, ಆಮೇಲೆ ಮಾಲೀಸು.

ಎಣ್ಣೆ ಕೇಳುವ ಆ ಮಾತಿನಲ್ಲಿ ನನ್ನ ಕಿವಿ ನಿಲ್ಲುವುದು ‘ಮತ್ತೆ’ ಎಂಬ ಪದದ ಮೇಲೆ. ಒಮ್ಮೆ ಜಾರಿದ ಭುಜದ ಕಥೆ ಬೇರೆ, ಎರಡು ಮೂರು ಬಾರಿ ಜಾರಿದ ಭುಜದ ಕಥೆಯೇ ಬೇರೆ. ಯುನಾನಿ ವೈದ್ಯನಾದ ನಾನೇ ಇಂಥವರನ್ನು ಮೂಳೆ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಿದಾಗ ಮನೆಯವರಿಗೆ ಆಶ್ಚರ್ಯವಾಗುತ್ತದೆ. “ಆಪರೇಷನ್ ಬೇಡ ಅಂತಲೇ ಅಲ್ಲವೇ ನಿಮ್ಮ ಹತ್ತಿರ ಬಂದದ್ದು?” ಎಂದು ಒಬ್ಬ ತಾಯಿ ನೇರವಾಗಿಯೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸೊಂಟದ ಕೀಲನ್ನು ನೋಡಿ. ತೊಡೆಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಕುಳಿತಿದೆ, ಸುಲಭಕ್ಕೆ ಹೊರಬರುವುದಿಲ್ಲ. ಭುಜದ ಕೀಲು ಹಾಗಲ್ಲ. ಅದು ಚಹಾದ ಸಾಸರಿನ ಮೇಲೆ ಕಿತ್ತಳೆ ಹಣ್ಣು ಇಟ್ಟಂತೆ. ರಟ್ಟೆಮೂಳೆಯ ತಲೆ ದೊಡ್ಡದು, ಅದು ಕೂರುವ ಹೆಗಲಿನ ಬಟ್ಟಲು ಚಿಕ್ಕದು, ಆಳವೂ ಇಲ್ಲ. ಹಾಗಿರುವುದರಿಂದಲೇ ನಾವು ಕೈಯನ್ನು ಮುಂದೆ, ಹಿಂದೆ, ತಲೆಯ ಮೇಲೆ ಎಲ್ಲ ಕಡೆಗೂ ತಿರುಗಿಸಬಲ್ಲೆವು. ಆ ಸ್ವಾತಂತ್ರ್ಯಕ್ಕೆ ತೆರುವ ಬೆಲೆಯೆಂದರೆ ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರುವುದು ಇದೇ.

ಹಾಗಾದರೆ ದಿನವೂ ಏಕೆ ಜಾರುವುದಿಲ್ಲ? ಸಾಸರಿನ ಅಂಚಿಗೆ ಸುತ್ತಲೂ ಒಂದು ಮೆದು ಪಟ್ಟಿ ಅಂಟಿಕೊಂಡಿದೆ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಅದನ್ನು ಲೇಬ್ರಮ್ ಎನ್ನುತ್ತಾರೆ. ಅದು ಬಟ್ಟಲನ್ನು ಸ್ವಲ್ಪ ಆಳ ಮಾಡುತ್ತದೆ, ಕೀಲನ್ನು ಹಿಡಿದಿರುವ ರಜ್ಜುಗಳಿಗೂ ಅದೇ ಗೂಟ. ಅದರ ಸುತ್ತ ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ತೋಳುಪಟ್ಟಿ. ಎಲ್ಲವೂ ಸೇರಿ ಕಿತ್ತಳೆಯನ್ನು ಸಾಸರಿನ ನಡುವೆ ಒತ್ತಿ ಹಿಡಿದಿರುತ್ತವೆ.

ಕಬಡ್ಡಿಯಲ್ಲಿ ಓಡುವವನನ್ನು ಹಿಡಿಯಲು ಕೈ ಚಾಚಿದಾಗ ಅವನು ಅದೇ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ, ಅಥವಾ ಕ್ಯಾಚಿಗಾಗಿ ಹಾರಿ ಚಾಚಿದ ಕೈಯ ಮೇಲೆಯೇ ಬಿದ್ದರೆ, ಮೂಳೆಯ ತಲೆ ಮುಂದಕ್ಕೆ ಕೆಳಕ್ಕೆ ಹಾರುತ್ತದೆ. ಭುಜ ಜಾರಿದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೀಗೆ ಮುಂದಕ್ಕೇ ಜಾರಿದವು. ಹಾರುವಾಗ ಅದು ಮುಂಭಾಗದ ಗ್ಯಾಸ್ಕೆಟ್ಟನ್ನು ಬಟ್ಟಲಿನ ಅಂಚಿನಿಂದ ಕಿತ್ತು ಹೋಗುತ್ತದೆ. ಈ ಗಾಯವನ್ನು ಬ್ರಿಟಿಷ್ ಶಸ್ತ್ರಚಿಕಿತ್ಸಕ ಬ್ಯಾಂಕಾರ್ಟ್ 1923ರಲ್ಲಿ ವಿವರಿಸಿದ್ದರಿಂದ ಇಂದಿಗೂ ಅದು ಬ್ಯಾಂಕಾರ್ಟ್ ಗಾಯ. ಅದೇ ಹೊತ್ತಿಗೆ ಮೂಳೆಯ ತಲೆಯ ಹಿಂಭಾಗ ಬಟ್ಟಲಿನ ಗಟ್ಟಿ ಅಂಚಿಗೆ ಬಡಿದು ಒಂದು ತಗ್ಗು ಬೀಳುವುದೂ ಉಂಟು. 1940ರಲ್ಲಿ ಅದನ್ನು ಎಕ್ಸ್‌ರೇಯಲ್ಲಿ ಗುರುತಿಸಿ ಬರೆದ ಇಬ್ಬರು ವೈದ್ಯರ ಹೆಸರಿನಲ್ಲಿ ಅದಕ್ಕೆ ಹಿಲ್-ಸ್ಯಾಕ್ಸ್ ತಗ್ಗು ಎನ್ನುತ್ತಾರೆ.

ಎಲ್ಲರೂ ತಿಳಿಯಬೇಕಾದ ವಿಷಯ ಇದು: ಜಾರಿದ ಮೂಳೆಯನ್ನು ಮತ್ತೆ ಕೂರಿಸಿದ ಮಾತ್ರಕ್ಕೆ ಕಿತ್ತ ಗ್ಯಾಸ್ಕೆಟ್ ತನ್ನ ಜಾಗಕ್ಕೆ ಬಂದು ಅಂಟಿಕೊಳ್ಳುವುದಿಲ್ಲ. ಅನೇಕರಲ್ಲಿ ಅದು ಅಂಚು ಬಿಟ್ಟು ಕೆಳಗಿನ ಮೂಳೆಗೆ ಅಂಟಿ ಒಣಗುತ್ತದೆ. ಮೂರು ವಾರಕ್ಕೆ ನೋವು ಹೋಗುತ್ತದೆ, ಕೈ ಎದ್ದೇಳುತ್ತದೆ, ಹುಡುಗ “ಸರಿಯಾಯಿತು” ಎನ್ನುತ್ತಾನೆ. ಸರಿಯಾದದ್ದು ನೋವು. ಬಟ್ಟಲಿನ ಮುಂದಿನ ಗೋಡೆ ಹಾಗೆಯೇ ಬಿದ್ದಿದೆ. ಯಾವ ಎಣ್ಣೆಯೂ ಚರ್ಮ ದಾಟಿ, ಸ್ನಾಯು ದಾಟಿ, ಆ ಗೋಡೆಯನ್ನು ಎತ್ತಿ ನಿಲ್ಲಿಸದು. ರೋಗನ್ ಬಾಬೂನ, ರೋಗನ್ ಸುರ್ಖ್ ಎರಡನ್ನೂ ಬಲ್ಲವನಾಗಿಯೇ ಹೇಳುತ್ತಿದ್ದೇನೆ.

ವಯಸ್ಸು ಇಲ್ಲಿ ದೊಡ್ಡ ಮಾತು. ಇಪ್ಪತ್ತರೊಳಗೆ ಮೊದಲ ಸಲ ಭುಜ ಜಾರಿ, ಆಮೇಲೂ ಕಬಡ್ಡಿ, ಕುಸ್ತಿ, ಫುಟ್‌ಬಾಲಿನಂಥ ಮೈಮೇಲೆ ಬೀಳುವ ಆಟಗಳನ್ನು ಮುಂದುವರಿಸಿದ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮತ್ತೆ ಜಾರುತ್ತದೆ. ನಲವತ್ತು ದಾಟಿದವರಲ್ಲಿ ಮರುಜಾರುವಿಕೆ ಬಹಳ ಕಡಿಮೆ, ಆದರೆ ಅವರಲ್ಲಿ ರೊಟೇಟರ್ ಕಫ್ ಹರಿದಿರುವ ಸಾಧ್ಯತೆ ಹೆಚ್ಚು. ಮೂಳೆ ಕೂತ ಮೇಲೂ ಕೈ ಎತ್ತಲಾಗದ ಚಾಚಾಗೆ “ವಯಸ್ಸಾಯಿತು, ನೋವು ಇರುತ್ತದೆ” ಎಂದು ಸಮಾಧಾನ ಹೇಳಿ ಕೂರಿಸಬಾರದು.

ಮೊದಲ ಗಂಟೆ

ಮೈದಾನದಲ್ಲಿ ಭುಜ ಜಾರಿದಾಗ ಸಾಮಾನ್ಯವಾಗಿ ಏನಾಗುತ್ತದೆ? ಯಾರೋ ಒಬ್ಬ ‘ನನಗೆ ಗೊತ್ತು’ ಎಂದು ಬಂದು ಕೈ ಹಿಡಿದು ಎಳೆಯುತ್ತಾನೆ. ಇಲ್ಲವಾದರೆ ಆಟೋ ಹತ್ತಿಸಿ ‘ಪುತ್ತೂರು ಕಟ್ಟು’ ಫಲಕ ಇರುವಲ್ಲಿಗೆ ಕರೆದೊಯ್ಯುತ್ತಾರೆ. ಬೆಂಗಳೂರಿನ ಯಾವ ಬಡಾವಣೆಯಲ್ಲೂ ಈ ಫಲಕಕ್ಕೆ ಕೊರತೆಯಿಲ್ಲ. ಮೂಳೆ ಕಟ್ಟುವವರಲ್ಲಿ ಕೈಗುಣ ಇರುವವರು ಇದ್ದಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೈಗುಣಕ್ಕೆ ಮೂಳೆಯೊಳಗಿನ ಬಿರುಕು ಕಾಣಿಸುವುದಿಲ್ಲ. ಜಾರಿದ ಭುಜದಲ್ಲಿ ಕೆಲವೊಮ್ಮೆ ಮೂಳೆಯೂ ಮುರಿದಿರುತ್ತದೆ. ಎಕ್ಸ್‌ರೇ ಇಲ್ಲದೆ ಎಳೆದರೆ ಬಿರುಕು ಪೂರ್ತಿ ಮುರಿತವಾಗಬಹುದು. ಕಂಕುಳಿನ ಹತ್ತಿರವೇ ಭುಜದ ಸ್ನಾಯುವಿಗೆ ಹೋಗುವ ನರವೊಂದು ಮೂಳೆಯನ್ನು ಸುತ್ತಿಕೊಂಡು ಸಾಗುತ್ತದೆ. ಎಳೆದಾಟದಲ್ಲಿ ಅದಕ್ಕೂ ಪೆಟ್ಟು.

ಆದ್ದರಿಂದ ಮೈದಾನದಲ್ಲಿ ಮಾಡಬೇಕಾದ್ದು ಬಹಳ ಕಡಿಮೆ. ಕೈ ಯಾವ ಭಂಗಿಯಲ್ಲಿ ನೋವು ಕಡಿಮೆ ಇದೆಯೋ ಅದೇ ಭಂಗಿಯಲ್ಲಿ ದುಪಟ್ಟಾ ಅಥವಾ ಟವೆಲಿನಿಂದ ಎದೆಗೆ ಕಟ್ಟಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಭುಜದ ಹೊರಮೈಯನ್ನು ಬೆರಳಿನಿಂದ ಮುಟ್ಟಿ ಸ್ಪರ್ಶ ತಿಳಿಯುತ್ತದೆಯೇ ಕೇಳಿ, ಬೆರಳುಗಳು ಆಡುತ್ತವೆಯೇ, ಮಣಿಕಟ್ಟಿನ ನಾಡಿ ಸಿಗುತ್ತದೆಯೇ ನೋಡಿ. ಮರಗಟ್ಟಿದ್ದರೆ ಅಥವಾ ಬೆರಳು ತಣ್ಣಗಾಗಿದ್ದರೆ ಒಂದು ನಿಮಿಷವೂ ತಡಮಾಡಬೇಡಿ. ಅರಿವಳಿಕೆ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ. ನಮ್ಮವರು ಮೊದಲು ಕೊಡುವುದೇ ಸಕ್ಕರೆ ಹಾಕಿದ ನೀರು! ಆಮೇಲೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ, ಎಕ್ಸ್‌ರೇ, ನೋವು ತಗ್ಗಿಸಿ ಮೃದುವಾಗಿ ಕೂರಿಸುವುದು, ಮತ್ತೊಂದು ಎಕ್ಸ್‌ರೇ. ಆ ಎರಡೂ ಎಕ್ಸ್‌ರೇಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಯಾವ ವೈದ್ಯರೇ ನೋಡಲಿ, ಮೊದಲು ಕೇಳುವುದು ಅದನ್ನೇ.

ಫಿಟ್ಸ್ ಬಂದು ಅಥವಾ ವಿದ್ಯುತ್ ಆಘಾತವಾಗಿ ಭುಜ ಹಿಂದಕ್ಕೆ ಜಾರುವುದುಂಟು. ಅದು ಮೇಲ್ನೋಟಕ್ಕೆ ಕಾಣಿಸುವುದೂ ಕಡಿಮೆ, ಸಾಮಾನ್ಯ ಎಕ್ಸ್‌ರೇಯಲ್ಲಿ ತಪ್ಪಿಹೋಗುವುದೂ ಹೆಚ್ಚು. ಆ ಹಿನ್ನೆಲೆ ಇದ್ದರೆ ವೈದ್ಯರಿಗೆ ನೀವೇ ಹೇಳಿ.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನನ್ನಲ್ಲಿಗೆ ಬಂದ ಹುಡುಗನೊಬ್ಬನ ಉದಾಹರಣೆ ಸಾಕು. ಕಬಡ್ಡಿ ಆಟಗಾರ, ತಂದೆಗೆ ಗ್ಯಾರೇಜು. ಹದಿನೇಳರಲ್ಲಿ ಮೊದಲ ಸಲ ಜಾರಿತು, ಒಂದು ಕಡೆ ಕಟ್ಟು ಹಾಕಿಸಿದರು. ಎರಡನೆಯದು ಪಂದ್ಯದಲ್ಲಿ, ಮೂರನೆಯದು ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗ, ಆಮೇಲಿನವು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ. ತಕ್ಬೀರಿಗೆ ಕೈ ಎತ್ತುವಾಗಲೂ ಎಡಗೈಯಿಂದ ಬಲಭುಜವನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದ. ಜಾರಿದಾಗ ತಾನೇ ಕೂರಿಸಿಕೊಳ್ಳುವುದನ್ನೂ ಕಲಿತಿದ್ದ, ಗೆಳೆಯರ ಮುಂದೆ ಅದೊಂದು ಹೆಮ್ಮೆ. ಪ್ರತಿ ಸಲ ಜಾರಿದಾಗಲೂ ಮೂಳೆಯ ತಲೆ ಬಟ್ಟಲಿನ ಮುಂಭಾಗವನ್ನು ಸ್ವಲ್ಪ ಸ್ವಲ್ಪ ಸವೆಸುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಿಟಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಸಾಸರಿನ ಒಂದು ಬದಿಯೇ ಇರಲಿಲ್ಲ. ಮೊದಲ ವರ್ಷದಲ್ಲೇ ಬಂದಿದ್ದರೆ ಮೂರು ಚಿಕ್ಕ ರಂಧ್ರಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಕೊನೆಗೆ ಮೂಳೆ ಕತ್ತರಿಸಿ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಯಿತು. ಈಗ ಚೆನ್ನಾಗಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಕಬಡ್ಡಿ ಬಿಟ್ಟಿದ್ದಾನೆ.

ನಮ್ಮವರೇ ಮಾಡಿಸಿಕೊಂಡದ್ದು

“ಭುಜಕ್ಕೆ ಕತ್ತಿ ಹಾಕಿಸಿದರೆ ಆಟ ಮುಗಿಯಿತು” ಎಂಬ ಭಯ ಹಲವರಿಗಿದೆ. ಕರ್ನಾಟಕದವರಿಗೆ ಈ ಭಯ ಇರಬಾರದು. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರ, ಮೈಸೂರು ರಸ್ತೆಯ ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಅನಿಲ್ ಕುಂಬ್ಳೆಯವರ ಬೌಲಿಂಗ್ ಭುಜಕ್ಕೆ 2001ರ ಆರಂಭದಲ್ಲಿ ದಕ್ಷಿಣ ಆಫ್ರಿಕದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷ ಆಸ್ಟ್ರೇಲಿಯಾ ವಿರುದ್ಧದ ಪ್ರಸಿದ್ಧ ಸರಣಿಯನ್ನು ಅವರು ಆಡಲಿಲ್ಲ. ಹರ್ಭಜನ್ ಸಿಂಗ್ 32 ವಿಕೆಟ್ ಪಡೆದದ್ದು ಆಗ. ಕುಂಬ್ಳೆಯವರ ಕಾಲ ಮುಗಿಯಿತು ಎಂದುಕೊಂಡವರೂ ಇದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರು 300ನೇ ಟೆಸ್ಟ್ ವಿಕೆಟ್ ಪಡೆದರು. ನಿವೃತ್ತಿಯ ಹೊತ್ತಿಗೆ ಅದು 619. ಅಂದರೆ ಅರ್ಧಕ್ಕಿಂತ ಹೆಚ್ಚು ವಿಕೆಟ್‌ಗಳು ಚಿಕಿತ್ಸೆ ಪಡೆದ ಭುಜದಿಂದ ಬಂದವು.

ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರದು ಇನ್ನೊಂದು ಬಗೆ. 2017ರ ಫೆಬ್ರವರಿಯಲ್ಲಿ ಪುಣೆ ಟೆಸ್ಟಿನಲ್ಲಿ ದೊಡ್ಡ ಹೊಡೆತಕ್ಕೆ ಹೋಗಿ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಆ ನೋವಿನಲ್ಲೇ ಸರಣಿ ಮುಗಿಸಿದರು, ಏಳು ಇನಿಂಗ್ಸ್‌ಗಳಲ್ಲಿ ಆರು ಅರ್ಧಶತಕ. ಸರಣಿ ಮುಗಿದದ್ದೇ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ಸಲದ ಐಪಿಎಲ್ ಹೋಯಿತು, ಚಾಂಪಿಯನ್ಸ್ ಟ್ರೋಫಿಯೂ ಹೋಯಿತು. ಆಗಸ್ಟಿನಲ್ಲಿ ಕೊಲಂಬೊ ಟೆಸ್ಟಿನಲ್ಲಿ ಮರಳಿ ಬಂದು ಮೊದಲ ಇನಿಂಗ್ಸ್‌ನಲ್ಲೇ 57 ಓಟ ಹೊಡೆದರು.

“ನೋಡಿ, ರಾಹುಲ್ ನೋವಲ್ಲೇ ಆಡಿದ, ನಾನೂ ಆಡುತ್ತೇನೆ” ಎಂದು ಹುಡುಗರು ಇದರ ಮೊದಲರ್ಧವನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ಆತನ ಬೆನ್ನಿಗೆ ದಿನವೂ ಭುಜ ನೋಡುವ ಫಿಸಿಯೋ, ಸ್ಕ್ಯಾನ್ ನೋಡಿ ನಿರ್ಧರಿಸುವ ತಂಡ ಇತ್ತು. ಎಷ್ಟು ದಿನ ತಳ್ಳಬಹುದು, ಯಾವಾಗ ನಿಲ್ಲಿಸಬೇಕು ಎಂಬ ಲೆಕ್ಕವಿತ್ತು. ನಿಲ್ಲಿಸಬೇಕಾದಾಗ ನಿಲ್ಲಿಸಿದ್ದರಲ್ಲೇ ಆ ಕಥೆಯ ತಿರುಳಿದೆ.

ಯುನಾನಿಯಲ್ಲಿ ಶಸ್ತ್ರವಿಲ್ಲವೇ?

ಯುನಾನಿ ಎಂದರೆ ಎಣ್ಣೆ, ಮಜೂನು, ಹಿಜಾಮ ಎಂದಷ್ಟೇ ತಿಳಿದವರಿಗೆ ಒಂದು ಮಾತು. ನಮ್ಮ ಶಾಸ್ತ್ರದಲ್ಲಿ ಚಿಕಿತ್ಸೆಗೆ ನಾಲ್ಕು ದಾರಿ. ಜೀವನಕ್ರಮ ಮತ್ತು ಉಪಚಾರಗಳಿಂದ ಮಾಡುವ ಇಲಾಜ್ ಬಿಲ್ ತದ್ಬೀರ್, ಆಹಾರದಿಂದ ಮಾಡುವ ಇಲಾಜ್ ಬಿಲ್ ಗಿಝಾ, ಔಷಧಿಯ ಇಲಾಜ್ ಬಿಲ್ ದವಾ. ನಾಲ್ಕನೆಯದು ಇಲಾಜ್ ಬಿಲ್ ಯದ್, ಕೈಯಿಂದ ಮಾಡುವ ಚಿಕಿತ್ಸೆ, ಅಂದರೆ ಶಸ್ತ್ರಚಿಕಿತ್ಸೆಯೇ. ಉಲ್ಲಾಳದಿಂದ ದೂರವೇನಲ್ಲದ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಯುನಾನಿ ಪದವಿ ಓದುವ ಎಲ್ಲರಿಗೂ ಜರಾಹತ್ ಒಂದು ಪಠ್ಯವಿಷಯ.

ಜಾಲೀನೂಸ್, ಅಂದರೆ ಗ್ಯಾಲೆನ್, ಪೆರ್ಗಮಮ್ ನಗರದಲ್ಲಿ ಗ್ಲಾಡಿಯೇಟರುಗಳ ವೈದ್ಯರಾಗಿದ್ದವರು. ಸ್ವತಃ ಕುಸ್ತಿಯಾಡುವಾಗ ತಮ್ಮ ಹೆಗಲಿನ ಮೇಲ್ಭಾಗದ ಕೀಲು ಸ್ಥಾನ ತಪ್ಪಿದ್ದನ್ನು ಬರೆದಿಟ್ಟಿದ್ದಾರೆ. ಕ್ರೀಡಾಪಟುವಿನ ಭುಜದ ಗಾಯ ಇಂದಿನ ವಿಷಯವಲ್ಲ. ಅವರಿಗಿಂತ ಮೊದಲಿನ ಬುಕ್ರಾತ್, ಅಂದರೆ ಹಿಪ್ಪೊಕ್ರೆಟಿಸ್, ಜಾರಿದ ಭುಜವನ್ನು ಕೂರಿಸುವ ಹಲವು ವಿಧಾನ ಹೇಳಿದ್ದರು. ನನಗೆ ಬೆರಗೆನಿಸುವುದು ಅವರು ಹೇಳಿದ ಇನ್ನೊಂದು ವಿಷಯ. ಪದೇ ಪದೇ ಜಾರುವ ಭುಜಕ್ಕೆ ಕೂರಿಸುವುದು ಸಾಲದು ಎಂದು ಕಂಡುಕೊಂಡು, ಕಂಕುಳಿನ ಭಾಗದಲ್ಲಿ ಕಾದ ಕಬ್ಬಿಣದಿಂದ ಸುಟ್ಟು, ಆ ಗಾಯ ಗಟ್ಟಿಯಾಗಿ ಒಣಗಿ ಮುಂದಿನ ದಾರಿ ಮುಚ್ಚುವಂತೆ ಮಾಡಬೇಕೆಂದರು. ಅಂದಲೂಸಿನ ಅಬುಲ್ ಕಾಸಿಂ ಅಝ್ಝಹ್ರಾವಿ ತಮ್ಮ 30 ಭಾಗಗಳ ‘ಅತ್ತಸ್ರೀಫ್’ ಗ್ರಂಥದ ಕೊನೆಯ ಭಾಗವನ್ನು ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟು ಉಪಕರಣಗಳ ಚಿತ್ರ ಸಮೇತ ಬರೆದರು. ಜಾರುವ ಭುಜಕ್ಕೆ ಕಾದ ಕಬ್ಬಿಣದ ಚಿಕಿತ್ಸೆ ಅದರಲ್ಲೂ ಇದೆ. ಅವರು ತೀರಿಕೊಂಡದ್ದು 1013ರಲ್ಲಿ.

ಇಂದು ಯಾರೂ ಕಬ್ಬಿಣ ಕಾಯಿಸುವುದಿಲ್ಲ, ಕಾಯಿಸಬಾರದು. ಆದರೆ ಕೀಲಿನ ಮುಂದಿನ ಗೋಡೆ ಬಲವಾಗದೆ ಜಾರುವಿಕೆ ನಿಲ್ಲದು ಎಂಬ ತಿಳಿವಳಿಕೆ ಅಂದಿನದೇ. ಆ ವಿದ್ಯೆ ಈಗ ಬೇರೆಯವರ ಕೈಯಲ್ಲಿ ಬೆಳೆದು ನಿಂತಿದೆ, ಅಷ್ಟೇ. ರೋಗಿಯನ್ನು ಅವರಲ್ಲಿಗೆ ಕಳಿಸುವಾಗ ನಾನು ನನ್ನ ಶಾಸ್ತ್ರದಿಂದ ಹೊರಗೆ ಹೋದೆ ಎಂದು ನನಗೆ ಅನಿಸಿಲ್ಲ.

ಈಗ ಮಾಡುವುದೇನು?

ಹೆಚ್ಚಿನವರಿಗೆ ಆರ್ಥ್ರೋಸ್ಕೋಪಿ ಸಾಕು. ಭುಜದ ಸುತ್ತ ಎರಡು ಮೂರು ಸಣ್ಣ ರಂಧ್ರ ಮಾಡಿ, ಒಂದರಲ್ಲಿ ಪೆನ್ಸಿಲಿನಷ್ಟು ದಪ್ಪದ ಕ್ಯಾಮೆರಾ ತೂರಿಸಿ, ಇನ್ನೊಂದರಲ್ಲಿ ಉಪಕರಣ ಹಾಕುತ್ತಾರೆ. ಕಿತ್ತ ಲೇಬ್ರಮನ್ನು ಅದು ಅಂಟಿಕೊಂಡ ತಪ್ಪು ಜಾಗದಿಂದ ಬಿಡಿಸಿ ಬಟ್ಟಲಿನ ಅಂಚಿಗೆ ತರುತ್ತಾರೆ. ಅಂಚಿನಲ್ಲಿ ಆಂಕರ್ ಎಂಬ ಪುಟ್ಟ ಮೊಳೆಗಳನ್ನು ಕೂರಿಸಿ, ಅವಕ್ಕಿರುವ ದಾರದಿಂದ ಹೊಲಿದು ಬಿಗಿಯುತ್ತಾರೆ. ತಲೆಯ ಹಿಂದಿನ ತಗ್ಗು ದೊಡ್ಡದಿದ್ದರೆ ಹಿಂಭಾಗದ ಸ್ನಾಯುವನ್ನು ಆ ತಗ್ಗಿಗೆ ಹೊಲಿದು ತುಂಬುವುದೂ ಇದೆ.

ಬಟ್ಟಲಿನ ಮೂಳೆ ಸುಮಾರು ಐದನೇ ಒಂದು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಬರೀ ಹೊಲಿಗೆ ನಿಲ್ಲುವುದಿಲ್ಲ. ಆಗ ಹೆಗಲಿನ ಮುಂದಿರುವ ಕೊಕ್ಕಿನಂಥ ಮೂಳೆಯ ತುದಿಯನ್ನು ಅದಕ್ಕೆ ಅಂಟಿದ ಸ್ನಾಯುಗಳ ಸಮೇತ ಕತ್ತರಿಸಿ ತಂದು, ಸವೆದ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಫ್ರಾನ್ಸಿನ ಲಿಯೋನ್ ನಗರದ ಲಟಾರ್ಜೆ 1954ರಲ್ಲಿ ಪ್ರಕಟಿಸಿದ ವಿಧಾನ ಇದು. ಎಂಆರ್‌ಐ ಮೆದು ಪಟ್ಟಿಗಳನ್ನು ತೋರಿಸುತ್ತದೆ, ಸಿಟಿ ಸ್ಕ್ಯಾನ್ ಮೂಳೆ ಎಷ್ಟು ಹೋಗಿದೆ ಎಂದು ತೋರಿಸುತ್ತದೆ. ಹಲವು ಸಲ ಜಾರಿದ ಭುಜಕ್ಕೆ ವೈದ್ಯರು ಎರಡನ್ನೂ ಕೇಳಿದರೆ ಹಣ ಸುಲಿಯುತ್ತಿದ್ದಾರೆ ಎಂದುಕೊಳ್ಳಬೇಡಿ.

ಶಸ್ತ್ರಚಿಕಿತ್ಸೆಯಲ್ಲಿ ಅಪಾಯವೇ ಇಲ್ಲ ಎನ್ನುವವರನ್ನು ನಂಬಬೇಡಿ. ಸೋಂಕು, ನರಕ್ಕೆ ಪೆಟ್ಟು, ಕೀಲು ಬಿಗಿದುಕೊಳ್ಳುವುದು, ಕೆಲವರಲ್ಲಿ ಮತ್ತೆ ಜಾರುವುದು, ಇವೆಲ್ಲ ಇವೆ. ಹೆಚ್ಚಿನವರಿಗೆ ಆಗುವುದಿಲ್ಲ, ಆದರೆ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. “ಎಷ್ಟು ಭುಜ ಮಾಡಿದ್ದೀರಿ?” ಎಂದು ಶಸ್ತ್ರಚಿಕಿತ್ಸಕರನ್ನು ಕೇಳಲು ಸಂಕೋಚ ಬೇಡ. ಮಂಡಿ ಮಾಡುವವರೆಲ್ಲ ಭುಜ ಮಾಡುವುದಿಲ್ಲ.

ಹಾಗೆಂದು ಎಲ್ಲ ಭುಜನೋವಿಗೂ ಕತ್ತಿಯಲ್ಲ. ಸದಾ ಚೆಂಡೆಸೆಯುವ ಬೌಲರುಗಳಲ್ಲಿ, ತ್ರೋಬಾಲ್ ಮತ್ತು ಬ್ಯಾಡ್ಮಿಂಟನ್ ಆಡುವವರಲ್ಲಿ ಲೇಬ್ರಮಿನ ಮೇಲ್ಭಾಗ ಸಡಿಲವಾಗಿ ನೋವು ಬರುತ್ತದೆ. ಅದಕ್ಕೆ ಸ್ಲ್ಯಾಪ್ ಗಾಯ ಎಂದು ಹೆಸರು. ಸ್ಕ್ಯಾನಿನಲ್ಲಿ ಆ ಪದ ಕಂಡ ಕೂಡಲೇ ಗಾಬರಿಯಾಗಬೇಡಿ. ಅಲ್ಲಿ ಮೊದಲು ತಿಂಗಳುಗಟ್ಟಲೆ ಸರಿಯಾದ ವ್ಯಾಯಾಮವನ್ನೇ ಮಾಡಿ ನೋಡಬೇಕು. ಎಸೆತಗಾರರಲ್ಲಿ ಈ ಶಸ್ತ್ರಚಿಕಿತ್ಸೆಯ ಫಲ ಬ್ಯಾಂಕಾರ್ಟಿನಷ್ಟು ಭರವಸೆಯದಲ್ಲ. ಬೈಕಿನಿಂದ ಭುಜದ ಮೇಲೆ ಬಿದ್ದು ಕೊರಳೆಲುಬಿನ ತುದಿ ಉಬ್ಬಿ ನಿಂತವರಲ್ಲೂ ಹೆಚ್ಚಿನವರಿಗೆ ಕಟ್ಟು ಮತ್ತು ವ್ಯಾಯಾಮ ಸಾಕು.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿ ಹೇಳಬೇಕು. ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ಹೆಬ್ಬೆರಳು ಬಾಗಿ ಮುಂಗೈಗೆ ತಾಗುತ್ತದೆ, ಮೊಣಕೈ ಹಿಂದಕ್ಕೆ ಬಾಗುತ್ತದೆ. ಇಂಥವರ ಭುಜ ಪೆಟ್ಟಿಲ್ಲದೆಯೇ ಎಲ್ಲ ಕಡೆಗೂ ಅರ್ಧಂಬರ್ಧ ಜಾರುತ್ತದೆ. ಇವರಿಗೆ ವ್ಯಾಯಾಮವೇ ಮೊದಲ ಮದ್ದು, ಆತುರದ ಶಸ್ತ್ರಚಿಕಿತ್ಸೆ ಬೇಡ. ನಿಜವಾಗಿ ಪೆಟ್ಟಾದ ಹುಡುಗಿಯರ ಕಷ್ಟ ಬೇರೆ. ಭುಜ ತೋರಿಸಬೇಕಾಗುತ್ತದೆ ಎಂಬ ಸಂಕೋಚಕ್ಕೆ ಮನೆಯವರು ತಿಂಗಳುಗಟ್ಟಲೆ ಮುಂದೂಡುತ್ತಾರೆ. ತಾಯಿ ಜೊತೆಗಿರಲಿ, ಮಹಿಳಾ ಫಿಸಿಯೋಥೆರಪಿಸ್ಟ್ ಬೇಕೆಂದು ಕೇಳಿ, ಬೆಂಗಳೂರಿನಲ್ಲಿ ಸಿಗುತ್ತಾರೆ. ಚಿಕಿತ್ಸೆಗೆ ಬೇಕಾದಷ್ಟೇ ಭಾಗ ತೋರಿಸಿದರೆ ಸಾಕು, ಉಳಿದದ್ದನ್ನು ಹೊದಿಸುತ್ತಾರೆ.

ಮನೆಗೆ ಬಂದ ಮೇಲೆ

ಭುಜ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಮೊದಲ ರಾತ್ರಿ ಕೈ ತನ್ನದಲ್ಲ ಎನಿಸುತ್ತದೆ. ಹೆದರಬೇಡಿ, ಅದು ಇಳಿಯುವ ಮೊದಲೇ ನೋವಿನ ಮಾತ್ರೆ ಕೊಡಿ. ಕೆಲವು ದಿನ ಮಲಗಿದರೆ ನೋವು ಹೆಚ್ಚು, ದಿಂಬುಗಳ ಆಸರೆಯಲ್ಲಿ ಒರಗಿ ನಿದ್ದೆ ಮಾಡಿಸಿ. ಕೈಯನ್ನು ಚೀಲದಂಥ ಆರ್ಮ್ ಪೌಚಿನಲ್ಲಿ ಇಡಬೇಕಾದ್ದು ಸಾಮಾನ್ಯವಾಗಿ ಮೂರರಿಂದ ಆರು ವಾರ. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡುತ್ತಿರಲಿ. ಮುಂದೆ ಗುಂಡಿ ಇರುವ ಅಂಗಿ ಹೊಲಿಸಿಟ್ಟರೆ ತಲೆಯ ಮೇಲಿಂದ ಹಾಕುವ ಗೋಳಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ ನಮಾಝಿನದು. ಪೌಚ್ ತೆಗೆದು ಸುಜೂದಿನಲ್ಲಿ ಕೈಯೂರಿ ಹೊಲಿಗೆ ಕಿತ್ತುಕೊಳ್ಳುವುದು ಬೇಡವೇ ಬೇಡ. ಒಂದೇ ಕೈಯಿಂದ ತಕ್ಬೀರ್, ಸಾಧ್ಯವಿಲ್ಲದಿದ್ದರೆ ಕುರ್ಚಿಯಲ್ಲಿ ಕುಳಿತು ತಲೆ ಬಾಗಿಸಿ ರುಕೂ ಸುಜೂದ್, ರೋಗಿಗೆ ಶರೀಅತ್ ಕೊಟ್ಟ ಸೌಲಭ್ಯ ಇದು. ಹೊಲಿಗೆ ಬಿಚ್ಚುವ ತನಕ, ಅಂದರೆ ಸುಮಾರು ಹತ್ತು ಹದಿನಾಲ್ಕು ದಿನ, ಗಾಯಕ್ಕೆ ನೀರು ತಾಗಬಾರದು. ವುಝೂಗೆ ಅದರಿಂದ ತೊಂದರೆಯಿಲ್ಲ, ಗುಸ್ಲ್ ವೇಳೆ ಪಟ್ಟಿಯ ಮೇಲೆ ಮಸಹ್ ಮಾಡುವ ವಿಧಾನವನ್ನು ನಿಮ್ಮ ಇಮಾಮರನ್ನು ಕೇಳಿ. ರಮಝಾನಿನಲ್ಲಿ ಶಸ್ತ್ರಚಿಕಿತ್ಸೆ ಬಿದ್ದರೆ ಮಾತ್ರೆ ತಪ್ಪಿಸಿ ಉಪವಾಸ ಹಿಡಿಯುವ ಹಟ ಬೇಡ, ಕಝಾ ಇದೆ.

ಮಾಲೀಸು ಯಾವಾಗ? ಹೊಸ ಪೆಟ್ಟಿಗೆ ಇಲ್ಲ, ಶಸ್ತ್ರಚಿಕಿತ್ಸೆಯ ಮೊದಲ ವಾರಗಳಲ್ಲೂ ಇಲ್ಲ. ಪೆಟ್ಟಾದ ಕೀಲನ್ನು ತಿಕ್ಕಿ ತಿಕ್ಕಿ ಸ್ನಾಯುವಿನೊಳಗೆ ಮೂಳೆ ಬೆಳೆದು ಮೊಣಕೈ ಸೆಟೆದವರನ್ನು ನಮ್ಮ ಊರುಗಳಲ್ಲಿ ಬೇಕಾದಷ್ಟು ನೋಡಬಹುದು. ಮುಂದೆ ಕತ್ತು, ಬೆನ್ನಿನ ಸ್ನಾಯುಗಳು ಬಿಗಿದಾಗ ಮೃದುವಾದ ದಲ್ಕ್, ಬಿಸಿ ಶಾಖ ಹಿತ ಕೊಡುತ್ತವೆ, ಶಸ್ತ್ರಚಿಕಿತ್ಸಕರ ಒಪ್ಪಿಗೆ ಪಡೆದು ಮಾಡಿಸಿ. ಗಾಯದ ಹತ್ತಿರ ಹಿಜಾಮ ಬೇಡ. ಶಸ್ತ್ರಚಿಕಿತ್ಸೆಗೆ ಮೊದಲು ನೀವು ತೆಗೆದುಕೊಳ್ಳುವ ಎಲ್ಲ ಮಜೂನು, ಕಷಾಯ, ಪುಡಿಗಳ ಹೆಸರನ್ನೂ ವೈದ್ಯರಿಗೆ ತಿಳಿಸಿ, ನಮ್ಮಂಥವರು ಕೊಟ್ಟದ್ದನ್ನೂ ಸೇರಿಸಿ. ಬೀಡಿ, ಸಿಗರೇಟು ಗಾಯ ಕೂಡುವುದನ್ನು ತಡೆಯುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಸೋಂಕಿನ ಭಯ ಹೆಚ್ಚು, ಭುಜ ಬಿಗಿದುಕೊಳ್ಳುವುದೂ ಹೆಚ್ಚು.

ಖರ್ಚಿನ ವಿಷಯದಲ್ಲಿ ಮೊದಲೇ ವಿಚಾರಿಸಿದವರಿಗೆ ಲಾಭ. ಆಂಕರುಗಳ ಬೆಲೆಯೇ ಬಿಲ್ಲಿನ ದೊಡ್ಡ ಪಾಲು, ಎಷ್ಟು ಆಂಕರ್ ಎಂದು ಅಂದಾಜು ಬರೆಸಿಕೊಳ್ಳಿ. ತಂದೆ ಇಎಸ್‌ಐ ಕಟ್ಟುವ ಕೆಲಸದಲ್ಲಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಕೇಳಿ. ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರದ ಸಂಜಯ್ ಗಾಂಧಿ ಸಂಸ್ಥೆ ಜಯನಗರದ ಬದಿಯಲ್ಲಿದೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆಗೆ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ದಾಖಲಾಗುವ ಮೊದಲೇ ಕೇಳಿ.

ಇನ್ನು ಆಟಕ್ಕೆ ಮರಳುವುದು. ಮೂರು ತಿಂಗಳಿಗೆ ನೋವು ಪೂರ್ತಿ ಹೋಗಿರುತ್ತದೆ, ಅಪಾಯದ ಹೊತ್ತೇ ಅದು. ಹೊಲಿದ ಪಟ್ಟಿ ಮೂಳೆಗೆ ಕೂಡಿಕೊಂಡಿದ್ದರೂ ಮೈಮೇಲೆ ಬೀಳುವ ಎದುರಾಳಿಯನ್ನು ತಡೆಯುವಷ್ಟು ಬಲ ಬಂದಿರುವುದಿಲ್ಲ. ಓಟ, ಕಾಲಿನ ವ್ಯಾಯಾಮ ಆಗಲೇ ಶುರುವಾಗಿರಲಿ, ಎಸೆತವನ್ನು ಫಿಸಿಯೋ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಿ. ಕಬಡ್ಡಿ, ಕುಸ್ತಿಗೆ ಸಾಮಾನ್ಯವಾಗಿ ಆರು ತಿಂಗಳು. ಅದೂ ತಿಂಗಳು ಎಣಿಸಿ ಅಲ್ಲ. ಎರಡೂ ಭುಜಗಳ ಬಲ ಹೆಚ್ಚು ಕಡಿಮೆ ಸಮವಾಗಿರಬೇಕು, ಕೈಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಒತ್ತಿದಾಗ ಹುಡುಗನ ಮುಖದಲ್ಲಿ ‘ಈಗ ಜಾರೀತು’ ಎಂಬ ಅಂಜಿಕೆ ಕಾಣಬಾರದು. ಆ ಪರೀಕ್ಷೆಯನ್ನು ಮಾಡಿ ಅನುಮತಿ ಕೊಡಬೇಕಾದವರು ಫಿಸಿಯೋ ಮತ್ತು ಶಸ್ತ್ರಚಿಕಿತ್ಸಕರು. ಮುಂದಿನ ಭಾನುವಾರದ ಪಂದ್ಯಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದ ತಂಡದ ನಾಯಕನಲ್ಲ.